ಬೆಂಗಳೂರು ಹಿಡಿಯದ ರೇಡಿಯೊ

ಕೊಳ್ಳೇಗಾಲದ ಕಡೆಯಿಂದ ತಮ್ಮ ಬರೆದ ಕಾಗದವನ್ನು ಸುಶೀಲ ಮೂರು ಸಲ ಓದಿದಳು. ಮೊದಲು ಬಾಗಿಲಲ್ಲೇ ನಿಂತು, ಆಮೇಲೆ ಒಲೆಯ ಮುಂದೆ ಕೂತು, ಕೊನೆಗೆ ಅತ್ತೆಗೆ ಕೇಳುವಂತೆ ಗಟ್ಟಿಯಾಗಿ. ಆ ಮನೆಯಲ್ಲಿ ಕನ್ನಡ ಅಕ್ಷರ ಬಲ್ಲವಳು ಅವಳೊಬ್ಬಳೇ. ಗಂಡ ನಂಜುಂಡನ್, ಅತ್ತೆ ಸಾಮಿಯಾತಾಳ್, ಇಬ್ಬರು ಮಕ್ಕಳು, ಎಲ್ಲರ ಮನೆಮಾತೂ ಕನ್ನಡವೇ. ಆದರೆ ಓದು, ಬರಹ, ವ್ಯಾಪಾರ, ಬೀದಿಜಗಳ ಎಲ್ಲ ತಮಿಳಿನಲ್ಲಿ. ತಮಿಳುನಾಡಿನ ಧಾರಾಪುರಂ ಸುತ್ತಿನ ಆ ಒಕ್ಕಲು ಮನೆಗಳವರು ಯಾವ ಕಾಲದಲ್ಲಿ ಅಲ್ಲಿಗೆ ಬಂದು ನೆಲೆಸಿದರೋ ಅವರಿಗೇ ಗೊತ್ತಿರಲಿಲ್ಲ.

ಕಾಗದದಲ್ಲಿದ್ದ ಸುದ್ದಿ ಇಷ್ಟು. ಅವರವ್ವ ಬೆಳ್ಳಿಯಮ್ಮ ಊರಿನ ಮದುವೆಗಳಲ್ಲಿ ಸೋಬಾನೆ ಹಾಡುವವಳು. ಮೈಸೂರಿನಿಂದ ಆಕಾಶವಾಣಿಯವರು ಬಂದು ಅವಳನ್ನೂ ಇನ್ನು ಮೂವರು ಹೆಂಗಸರನ್ನೂ ಜೀಪಿನಲ್ಲಿ ಕರೆದುಕೊಂಡು ಹೋಗಿ ಹಾಡಿಸಿ, ಯಂತ್ರದಲ್ಲಿ ಹಿಡಿದುಕೊಂಡಿದ್ದರು. ದೀಪಾವಳಿ ಕಳೆದು ಬರುವ ಎರಡನೇ ಭಾನುವಾರ, ಬೆಳಿಗ್ಗೆ ಎಂಟೂವರೆಗೆ, ಬೆಂಗಳೂರು ಕೇಂದ್ರದಿಂದ ಹಾಡು ಬರುತ್ತದೆ. "ನೀನು ಕೇಳಲೇಬೇಕು ಅಂತ ಅವ್ವ ದಿನಕ್ಕೆ ಹತ್ತು ಸಲ ಹೇಳ್ತದೆ. ನಿನಗೋಸ್ಕರ ಅಂತಲೇ ಒಂದು ಹಾಡು ಆರಿಸಿ ಹಾಡ್ಯದೆ. ಯಾವುದು ಅಂತ ನನಗೂ ಹೇಳ್ಲಿಲ್ಲ" ಎಂದು ತಮ್ಮ ಬರೆದಿದ್ದ.

"ಆಹಾ! ನಿಮ್ಮಮ್ಮ ರೇಡಿಯೋಲಿ ಪಾಡ್ತಾಳಾ ಅಮ್ಮಿಣಿ?" ಎಂದು ಸಾಮಿಯಾತಾಳ್ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿ ಕೇಳಿದಳು. ಸೊಸೆ ಹೌದೆಂದು ತಲೆಯಾಡಿಸಿದಳು. ಕಾಗದವನ್ನು ಮಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಸುಶೀಲ ಆ ಮನೆಗೆ ಬಂದು ಹದಿಮೂರು ವರ್ಷವಾಗಿತ್ತು. ಮದುವೆಯ ಮಾರನೆಯ ದಿನ ದಿಂಬಂ ಘಾಟಿ ಇಳಿಯುವ ಬಸ್ಸಿನಲ್ಲಿ ಅವಳಿಗೆ ತಲೆ ಸುತ್ತಿ, ವಾಂತಿಯಾಗಿ, ಅದರ ಜೊತೆ ಅಳುವೂ ಬಂದಿತ್ತು. ಆಗ ಪಕ್ಕದಲ್ಲಿ ಕೂತಿದ್ದ ಹೊಸ ಗಂಡ ತನ್ನ ಟವೆಲ್ಲಿನಿಂದ ಅವಳ ಮುಖ ಒರೆಸಿ, "ಅಳ್ಬೇಡ, ವರ್ಸಾವರ್ಸ ಕರ್ಕೊಂಡೋಯ್ತೀನಿ" ಅಂದಿದ್ದ. ಹದಿಮೂರು ವರ್ಷದಲ್ಲಿ ಕರೆದುಕೊಂಡು ಹೋದದ್ದು ನಾಲ್ಕು ಸಲ. ಅವನು ಕೆಟ್ಟವನಲ್ಲ. ಸಾಂಬಾರ್ ಈರುಳ್ಳಿಯ ವ್ಯಾಪಾರ ಅವನದು. ರೈತರ ಹೊಲಗಳಲ್ಲೇ ಮಾಲು ಹಿಡಿದು ಲಾರಿಗೆ ಹಾಕಿಸುವ ಕೆಲಸ, ವರ್ಷವಿಡೀ ಬಿಡುವಿಲ್ಲ. ಸುಶೀಲಳೂ ಕೇಳುವುದನ್ನು ಬಿಟ್ಟಿದ್ದಳು. ಮೊದಮೊದಲು ಅವಳ ಮಾತು ಕೇಳಿ ಓರಗಿತ್ತಿಯರು ನಗುತ್ತಿದ್ದರು. ಈಗ ಅವಳ ಮಾತೂ ಅವರಂತೆಯೇ ಆಗಿತ್ತು. ಒಮ್ಮೊಮ್ಮೆ ಬಾವಿಕಟ್ಟೆಯಲ್ಲಿ ಒಬ್ಬಳೇ ಇದ್ದಾಗ ಅವ್ವ ಬಳಸುತ್ತಿದ್ದ ಯಾವುದೋ ಪದ ನೆನಪಾಗುವುದು. ಅದನ್ನು ಬಾಯಿಬಿಟ್ಟು ಒಂದು ಸಲ ಅಂದು ನೋಡುವಳು. ತಿರುಗಿ ಅನ್ನುವವರು ಯಾರೂ ಇರುತ್ತಿರಲಿಲ್ಲ.

ಸಂಜೆ ನಂಜುಂಡನ್ ಮನೆಗೆ ಬಂದಾಗ ಅತ್ತೆಯೇ ಸುದ್ದಿ ಹೇಳಿದಳು. ಅವನು ಹೆಂಡತಿಯ ಮುಖ ನೋಡಿದ, ಗೋಡೆಯ ಗೂಡಿನಲ್ಲಿದ್ದ ಹಳೆಯ ರೇಡಿಯೊವನ್ನೂ ನೋಡಿದ. ಅದು ಅವನಪ್ಪನ ಕಾಲದ್ದು. ತಲೆಗೆ ಎರಡು ಏಟು ಕೊಟ್ಟರೆ ಕೊಯಮತ್ತೂರು ಹಿಡಿಯುತ್ತಿತ್ತು, ಇನ್ನೂ ಒಂದು ಕೊಟ್ಟರೆ ಅದೂ ಹೋಗುತ್ತಿತ್ತು.

"ಇದ್ರಲ್ಲಿ ಆಗಲ್ಲ. ಒಸ ರೇಡಿಯೋ ತರ್ತೀನಿ" ಎಂದ.

"ಇದನ್ನೇ ರಿಪೇರಿ ಮಾಡಿಸಿ, ಸಾಕು."

"ನೀನ್ ಸುಮ್ಕಿರು. ನಿಮ್ಮಮ್ಮ ಪಾಡ್ತಾಳೆ, ಅದನ್ನ ಓಟೆ ಡಬ್ಬಾಲಿ ಕೇಳದಾ?"

ಬಸ್ ಸ್ಟ್ಯಾಂಡಿನ ಪಕ್ಕ, ಮಾಳಿಗೆ ಮೆಟ್ಟಿಲ ಕೆಳಗಿನ ಸಂದಿನಲ್ಲಿ, ದೊರೈಸಾಮಿ ಎಂಬವನು ರೇಡಿಯೊ ರಿಪೇರಿ ಮಾಡುತ್ತಿದ್ದ. ಇಪ್ಪತ್ತೇಳು ಇಪ್ಪತ್ತೆಂಟರ ಪ್ರಾಯ. ಅವನ ಮನೆಯವರು ಸೀರೆ ನೇಯುವ ಜನ, ಅವರ ಮನೆಮಾತೂ ಕನ್ನಡ. ಮಗ್ಗದ ಗುಂಡಿಗೆ ಇಳಿಯಲು ಮನಸ್ಸಿಲ್ಲದೆ ಕೊಯಮತ್ತೂರಿನ ಒಂದು ಕಾರ್ಖಾನೆಯಲ್ಲಿ ನಾಲ್ಕು ವರ್ಷ ತಂತಿ ಬೆಸೆದು ಬಂದಿದ್ದ. ಬಿಡಿಭಾಗ ತಂದು ತಾನೇ ರೇಡಿಯೊ ಕಟ್ಟಿ ಮಾರುತ್ತಿದ್ದ. ಮರುದಿನ ನಂಜುಂಡನ್ ದಾರಿಯಲ್ಲಿ ಅವನಿಗೆ ಬೆಳ್ಳಿಯಮ್ಮನ ಹಾಡಿನ ಸುದ್ದಿ ಹೇಳಿ, ಅವನನ್ನೂ ಒಂದು ಮಾತು ಕೇಳಿದ.

"ಬೆಂಗ್ಳೂರು ಇಡಿಬೇಕು ಅಂದ್ರೆ ಯಾವ ಕಂಪನೀದು ಒಳ್ಳೇದು ತಂಬಿ?"

"ಕಂಪನಿ ಇರ್ಲಿ ಅಣ್ಣ, ಒಳಗಿರೋ ಕಾಂತದ ಕಡ್ಡಿ ಉದ್ದ ಇರ್ಬೇಕು. ದೂರದ ಸ್ಟೇಷನ್ನ ಹಿಡಿಯೋದು ಅದೇ. ನಾನು ಮುಕ್ಕಾಲು ಅಡಿ ಕಡ್ಡಿ ಹಾಕಿ ಒಂದು ಮಾಡಿಟ್ಟಿದೀನಿ. ನೂರೆಂಬತ್ತು ಕೊಡಿ. ಬೇಕಂದ್ರೆ ಈಗ್ಲೇ ತಕ್ಕೊಂಡೋಗಿ ಮನೇಲಿ ಹಾಕ್ ನೋಡಿ, ಹಿಡೀಲಿಲ್ಲ ಅಂದ್ರೆ ವಾಪಸ್ ಕೊಡಿ."

ನಂಜುಂಡನ್ ಅದನ್ನು ನೋಡಿದ. ಪ್ಲೈವುಡ್ಡಿನ ಪೆಟ್ಟಿಗೆ, ಮೇಲೆ ಅಂಟಿಸಿದ ಕಂದು ರೆಕ್ಸಿನ್, ಒಂದು ಮೂಲೆಯಲ್ಲಿ ಆಗಲೇ ಎದ್ದಿತ್ತು. ಕೈಯಲ್ಲಿ ಹಿಡಿದರೆ ಖಾಲಿ ಡಬ್ಬದಂತೆ ಹಗುರ. ನಕ್ಕು ಕೆಳಗಿಟ್ಟ. ಅವನ ನಂಬಿಕೆ ಈರುಳ್ಳಿ ಮಂಡಿಯಲ್ಲಿ ಬೆಳೆದದ್ದು. ಅಲ್ಲಿ ಮಾಲು ಕಣ್ಣೆದುರು ಸುರಿದಿರುತ್ತದೆ. ಮೂರನೇ ದರ್ಜೆಯ ಈರುಳ್ಳಿಗೆ ಮೊದಲನೇ ದರ್ಜೆಯ ಬೆಲೆ ಯಾವ ಹುಚ್ಚನೂ ಕೊಡುವುದಿಲ್ಲ. ಹಾಗಾಗಿ ಲೋಕದಲ್ಲಿ ಯಾವುದಕ್ಕೆ ಜಾಸ್ತಿ ಬೆಲೆಯಿದೆಯೋ ಅದರೊಳಗೆ ಜಾಸ್ತಿ ಏನೋ ಇರಲೇಬೇಕು ಎಂದು ಅವನು ತಿಳಿದಿದ್ದ.

ಬುಧವಾರ ಗಂಡಹೆಂಡತಿ ಕೊಯಮತ್ತೂರಿಗೆ ಹೋದರು. ಕ್ರಾಸ್‌ಕಟ್ ರೋಡಿನ ಆ ಅಂಗಡಿಗೆ ಗಾಜಿನ ಬಾಗಿಲು. ಒಳಗೆ ತಣ್ಣಗಿತ್ತು. ಸುಶೀಲ ಚಪ್ಪಲಿಯನ್ನು ಹೊರಗೆ ಬಿಡಲು ಹೋದಾಗ ಕಾವಲಿನವನು "ಪರವಾಗಿಲ್ಲಮ್ಮ" ಎಂದು ತಡೆದ. ಟೈ ಕಟ್ಟಿದ ಯುವಕನೊಬ್ಬ ಇವರನ್ನು ಕೂರಿಸಿ, ತಂಪು ಪಾನೀಯ ಕೊಡಿಸಿ, ಕೊನೆಯ ಕಪಾಟಿನ ಮುಂದೆ ನಿಲ್ಲಿಸಿದ. ಅಲ್ಲಿ ಒಂದೇ ಒಂದು ರೇಡಿಯೊ, ಅದಕ್ಕೆಂದೇ ಪ್ರತ್ಯೇಕ ದೀಪ. ಇಂಪೀರಿಯಾ. ಕ್ಯಾಸೆಟ್ಟೂ ಹಾಕಬಹುದು. ಎರಡು ಕಡೆ ಎರಡು ದೊಡ್ಡ ಸ್ಪೀಕರು, ತೇಗದ ಬಣ್ಣದ ಮೈ, ಹಚ್ಚಿದರೆ ಮುಖದಲ್ಲಿ ನೀಲಿ ಬೆಳಕು. ಬೆಲೆ ಸಾವಿರದ ನಾನೂರ ಐವತ್ತು. ಪಕ್ಕದ ಕಪಾಟಿನಲ್ಲಿ ಮುನ್ನೂರು, ನಾನೂರರ ರೇಡಿಯೊಗಳಿದ್ದವು. ಯುವಕ ಅವುಗಳ ಕಡೆ ಕಣ್ಣು ಹಾಯಿಸುವುದಕ್ಕೂ ಬಿಡಲಿಲ್ಲ.

"ಇದು ಎಲ್ಲರ ಮನೆಯಲ್ಲೂ ಇರುವ ವಸ್ತುವಲ್ಲ ಸಾರ್" ಎಂದ ತಮಿಳಿನಲ್ಲಿ. "ಜಿಲ್ಲೆಗೆ ನಲವತ್ತೇ ಪೀಸು ಕೊಟ್ಟಿದ್ದಾರೆ. ಎತ್ತಿ ನೋಡಿ."

ನಂಜುಂಡನ್ ಎತ್ತಿದ. ಮೂಟೆ ಎತ್ತಿ ಪಳಗಿದ ಕೈಗೂ ಭಾರ ಅನ್ನಿಸಿತು. ಅವನ ಮುಖ ಅರಳಿದ್ದನ್ನು ಸುಶೀಲ ನೋಡಿದಳು.

"ಬೆಂಗಳೂರು ಬರುತ್ತಾ?" ಎಂದು ಅವನು ಕೇಳಿದ.

"ಸಾರ್, ಲಂಡನ್ನೇ ಬರುತ್ತದೆ. ಬೆಂಗಳೂರು ಬರುವುದಿಲ್ಲವೇ?" ಎಂದು ಯುವಕ ನಕ್ಕು ಗುಂಡಿ ತಿರುಗಿಸಿದ. ಕೊಯಮತ್ತೂರು ಕೇಂದ್ರದ ನಾಗಸ್ವರ ಕೋಣೆ ತುಂಬಿತು. ಕಲಾವಿದ ಉಸಿರೆಳೆದುಕೊಳ್ಳುವುದೂ ಕೇಳುತ್ತಿತ್ತು. ಸುಶೀಲ ಕಣ್ಣುಮುಚ್ಚಿದಳು. ಅವ್ವನ ದನಿ ಇಷ್ಟು ಹತ್ತಿರದಿಂದ ಕೇಳಿದರೆ ಹೇಗಿರಬಹುದು ಎಂದು ಯೋಚಿಸಿದಳು. ಬೆಂಗಳೂರನ್ನೇ ಹಾಕಿ ತೋರಿಸಿ ಎಂದು ಕೇಳಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ಅಷ್ಟು ದೊಡ್ಡ ಅಂಗಡಿಯಲ್ಲಿ ಅಷ್ಟು ಸಣ್ಣ ಮಾತು ಆಡಲು ಸಂಕೋಚವಾಯಿತು.

ರೇಡಿಯೊ ಮನೆಗೆ ಬಂದ ದಿನ ಬೀದಿಯೇ ನೋಡಲು ಬಂತು. ನೀಲಿ ಬೆಳಕು ಕಂಡು ಮಕ್ಕಳು ಕುಣಿದರು. ಪಕ್ಕದ ಮನೆಯ ಮುತ್ತಮ್ಮಾಳ್ ಅದರ ಮೈ ಸವರಿ, "ಮರವಾ ಪ್ಲಾಸ್ಟಿಕ್ಕಾ?" ಎಂದು ಕೇಳಿದ್ದಕ್ಕೆ ನಂಜುಂಡನಿಗೆ ಸಿಟ್ಟು ಬಂತು. ಎಲ್ಲರೂ ಹೋದ ಮೇಲೆ ಸುಶೀಲ ಮುಳ್ಳನ್ನು ಮೆಲ್ಲಗೆ ಬೆಂಗಳೂರಿನ ಜಾಗಕ್ಕೆ ತಂದಳು. ಅಲ್ಲಿ ಬರೀ ಭೋರ್ಗರೆತ. ಎಲ್ಲೋ ಅಣೆಕಟ್ಟಿನ ಬಾಗಿಲು ತೆಗೆದ ಹಾಗೆ. ಒಂದು ಕೂದಲೆಳೆ ಆಚೆ ಹೋದರೆ ಯಾವುದೋ ಮಲಯಾಳಿ ದನಿ, ಈಚೆ ಬಂದರೆ ಸಿಳ್ಳು.

ಮರುದಿನ ಬೆಳಿಗ್ಗೆಯೂ ಅದೇ, ಅದರ ಮರುದಿನವೂ ಅದೇ. ಪೆಟ್ಟಿಗೆಯನ್ನು ಕಿಟಕಿಯಲ್ಲಿಟ್ಟರು, ಅಟ್ಟಕ್ಕೆ ಹತ್ತಿಸಿದರು, ಪೂರ್ವಕ್ಕೆ ತಿರುಗಿಸಿದರು. ನಂಜುಂಡನ್ ಒಂದು ದಿನದ ವ್ಯಾಪಾರ ಬಿಟ್ಟು ಮತ್ತೆ ಕೊಯಮತ್ತೂರಿಗೆ ಹೋದ. ಈ ಸಲ ಕೂರಿಸುವವರಿರಲಿಲ್ಲ. ಟೈ ಕಟ್ಟಿದ ಯುವಕ, ದೋಷ ರೇಡಿಯೊದ್ದಲ್ಲ, ನಿಮ್ಮೂರಿನದು ಎಂದ. ಇಂಥ ಉತ್ತಮ ಯಂತ್ರಕ್ಕೆ ಕಂಪನಿಯ ಆಂಟೆನಾ ಹಾಕದೆ ಕೇಳುವುದೇ ತಪ್ಪು ಎಂದ. ನಂಜುಂಡನ್ ಇನ್ನೂ ನೂರಿಪ್ಪತ್ತು ಕೊಟ್ಟು ಆಂಟೆನಾ ತಂದು, ಶನಿವಾರ ಸಂಜೆ ತಾನೇ ಹೆಂಚಿನ ಮೇಲೆ ಹತ್ತಿ ಕಟ್ಟಿದ.

ಭಾನುವಾರ ಸುಶೀಲ ಬೇಗ ಎದ್ದು ತಲೆಗೆ ನೀರು ಹಾಕಿಕೊಂಡಳು. ಮದುವೆಯಲ್ಲಿ ಅವ್ವ ಉಡಿಸಿದ್ದ ಹಸಿರು ಸೀರೆ ಉಟ್ಟಳು. ಯಾಕೆ ಅಂತ ಯಾರೂ ಕೇಳಲಿಲ್ಲ. ಎಂಟು ಗಂಟೆಗೇ ಎಲ್ಲರೂ ಹಜಾರದಲ್ಲಿ ಕೂತರು. ಎಂಟೂವರೆಗೆ ಭೋರ್ಗರೆತದ ಒಳಗಿನಿಂದ ಒಬ್ಬ ಗಂಡಸಿನ ದನಿ ಕೇಳಿಸಿತು, "...ಬೆಳ್ಳಿಯಮ್ಮ ಮತ್ತು ಸಂಗಡಿಗರು..." ಎಂದಿತು, ಮುಳುಗಿತು. ಸುಶೀಲ ಮುಂದಕ್ಕೆ ಬಾಗಿ ಸ್ಪೀಕರಿಗೆ ಕಿವಿ ಒತ್ತಿದಳು. ನಂಜುಂಡನ್ ಹೊರಗೋಡಿ ಏಣಿ ಹತ್ತಿ ಆಂಟೆನಾ ತಿರುಗಿಸುತ್ತ, "ಈಗ? ಈಗ ಬಂತಾ?" ಎಂದು ಮೇಲಿನಿಂದ ಕೂಗುತ್ತಿದ್ದ. ಒಂದು ಸಲ ಹೆಂಗಸರ ದನಿಯ ಹಾಗೆ ಏನೋ ಎದ್ದಿತು. ಎರಡು ಉಸಿರಿನಷ್ಟು ಹೊತ್ತು ಇತ್ತು. ಅದು ಅವ್ವನದೋ, ಬೇರೆಯವರದೋ, ಗಾಳಿಯದೋ ತಿಳಿಯಲಿಲ್ಲ. ಮತ್ತೆ ಭೋರ್ಗರೆತ. ಒಂಬತ್ತಕ್ಕೆ ಎಂಟು ನಿಮಿಷವಿದ್ದಾಗ ಸಾಮಿಯಾತಾಳ್ ಎದ್ದು ಹೋಗಿ ರೇಡಿಯೊ ಆರಿಸಿದಳು. "ಇಳ್ದು ಬಾರಪ್ಪ, ಸಾಕು" ಎಂದು ಮಗನನ್ನು ಕರೆದಳು.

ಅವನು ಇಳಿದರೂ ಒಳಗೆ ಬರಲಿಲ್ಲ. ಅಂಗಳದಲ್ಲೇ ನಿಂತು ಅಂಗೈಗೆ ಹತ್ತಿದ ಏಣಿಯ ತುಕ್ಕು ಒರೆಸಿಕೊಳ್ಳುತ್ತಿದ್ದ. ಸುಶೀಲ ಸೀರೆ ಬದಲಿಸಿ ಅಡುಗೆಗೆ ಕೂತಳು. ಅಂದು ಇಡೀ ದಿನ ಅವಳು ಅಳಲಿಲ್ಲ. ಅವನಿಗೆ ಅದೇ ಸಹಿಸಲಾಗಲಿಲ್ಲ.

ಸೋಮವಾರ ಬೆಳಿಗ್ಗೆ ದೊರೈಸಾಮಿ ಸೈಕಲ್ಲು ನಿಲ್ಲಿಸಿ ಬಾಗಿಲಿಗೆ ಬಂದ. ಮುಖದಲ್ಲಿ ನಗು ತುಂಬಿತ್ತು.

"ಅಕ್ಕ, ನಿಮ್ಮಮ್ಮನ ಪಾಟು ಕೇಳ್ದೆ! ಅಣ್ಣ ಹೇಳಿದ್ರಲ್ಲ, ಅಂಗಡೀಲಿ ಹಾಕಿದ್ದೆ. ಟೀ ಕುಡಿಯಕ್ಕೆ ಬಂದವ್ರೆಲ್ಲ ನಿಂತ್ಕೊಂಡು ಕೇಳಿದ್ರು. ನೀವು ಆ ದೊಡ್ಡ ಸೆಟ್ಟಲ್ಲಿ ಕೇಳಿದ್ದು ಇನ್ನೂ ಸೊಗಸಾಗಿತ್ತೇನೋ."

ಹಜಾರದಲ್ಲಿ ಅಂಗಿ ಹಾಕಿಕೊಳ್ಳುತ್ತಿದ್ದ ನಂಜುಂಡನ್ ಗುಂಡಿ ಬಿಟ್ಟು ಹಾಗೇ ನಿಂತ.

"ನಮಗೆ ಬರ್ಲಿಲ್ಲಪ್ಪ" ಎಂದಳು ಸುಶೀಲ.

ದೊರೈಸಾಮಿಯ ನಗು ಇಳಿಯಿತು. ಬಂದದ್ದೇ ತಪ್ಪಾಯಿತೆಂಬಂತೆ ಕಾಲು ಬದಲಿಸಿದ. ಆಗ ಅವಳು ಕೇಳಿದಳು, "ಯಾವ್ ಹಾಡು ಹಾಡಿದ್ಲು?"

"ಮಾತು ಪೂರಾ ಅರ್ಥ ಆಗ್ಲಿಲ್ಲ ಅಕ್ಕ. ನಮ್ ಮಾತೇ, ಆದ್ರೂ ಬೇರೆ ತರ. ಧಾಟಿ ಮಾತ್ರ ತಲೇಲಿ ಐತೆ."

"ಧಾಟಿನೇ ಹೇಳು."

ಅವನು ನಾಚಿಕೊಂಡ. ಬೀದಿ ಕಡೆ ಒಂದು ಸಲ ನೋಡಿದ. ಆಮೇಲೆ ತುಟಿ ಮುಚ್ಚಿ ಗುನುಗಿದ. ಮೊದಲು ತಪ್ಪಿತು, ಮತ್ತೆ ಹಿಡಿದ. ದನಿ ನಿಧಾನಕ್ಕೆ ಮೇಲೆ ಹತ್ತಿ, ಅಲ್ಲಿ ಸ್ವಲ್ಪ ಹೊತ್ತು ತಂಗಿ, ಮೆಟ್ಟಿಲು ಇಳಿದ ಹಾಗೆ ಇಳಿಯಿತು. ಎರಡನೇ ಸಲ ಇಳಿಯುವಾಗ ಸುಶೀಲಳ ಬಾಯಲ್ಲಿ ಮಾತು ತಾನಾಗಿ ಬಂತು. ಅದು ಮಡಿಲು ತುಂಬುವ ಹಾಡು. ಮದುಮಗಳ ಸೆರಗಿಗೆ ಅಕ್ಕಿ ಬೆಲ್ಲ ಹಾಕಿ ಗಂಡನ ಮನೆಗೆ ಕಳಿಸುವಾಗ ಹಾಡುವಂಥದ್ದು. 'ಹೊಳೆ ದಾಟಿ ಹೋಗೋಳೆ, ಮಡಿಲ ಬಿಗಿದು ಕಟ್ಟೆ ಮಗಳೆ, ಚೆಲ್ಲೀತು ಅಕ್ಕಿ ಹೊಳೆಯಾಗೆ.' ಹದಿಮೂರು ವರ್ಷದ ಹಿಂದೆ ಅವಳ ಮಡಿಲು ತುಂಬುವ ಹೊತ್ತಿಗೆ ಅವ್ವ ಈ ಹಾಡನ್ನು ಶುರು ಮಾಡಿ, ಮುಗಿಸಲಾಗದೆ ಹೋದಾಗ ಬೇರೆ ಹೆಂಗಸರು ಮುಗಿಸಿದ್ದರು.

"ಪೂರ್ತಿ ಹಾಡಿದ್ಲಾ?" ಎಂದು ಅವಳು ಕೇಳಿದಳು.

"ಪೂರ್ತಿ ಅಕ್ಕ. ಮೂರ್ನೇ ಸಲ ಮೇಲೆ ಹೋಗೋವಾಗ ಒಂದ್ ಚೂರು ಕೆಮ್ಮು ಬಂತು. ನಿಲ್ಲಿಸ್ಲಿಲ್ಲ."

ಸುಶೀಲ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಂಜುಂಡನ್ ಹೊರಗೆ ಬಂದು ದೊರೈಸಾಮಿಯ ಹೆಗಲ ಮೇಲೆ ಕೈಯಿಟ್ಟ. "ಆ ಸನಿ ಪೆಟ್ಟಿಗೇನ ಬಿಚ್ಚಿ ನೋಡು ತಂಬಿ" ಎಂದ.

ಹಜಾರದಲ್ಲಿ ಗೋಣಿ ಹಾಸಿ ಇಂಪೀರಿಯಾವನ್ನು ಬೋರಲು ಹಾಕಿದರು. ಹಿಂದಿನ ಮುಚ್ಚಳದ ತಿರುಪುಗಳ ಮೇಲೆ ಕಂಪನಿಯ ಬಂಗಾರದ ಬಣ್ಣದ ಸೀಲು ಅಂಟಿಸಿತ್ತು. ದೊರೈಸಾಮಿ ಹಿಂದೆಮುಂದೆ ನೋಡಿದ. ನಂಜುಂಡನ್ನೇ ಉಗುರಿನಿಂದ ಕೆರೆದು ಕಿತ್ತ. ಮುಚ್ಚಳ ತೆಗೆದರೆ ಒಳಗೆ ಮುಕ್ಕಾಲು ಪಾಲು ಖಾಲಿ. ನಡುವೆ ಅಂಗೈಯಷ್ಟು ಹಸಿರು ಹಲಗೆ. ದೊರೈಸಾಮಿ ಅದನ್ನು ಬೆಳಕಿಗೆ ಹಿಡಿದು ಬೆಸುಗೆಯ ಸಾಲನ್ನು ಬೆರಳಿನಿಂದ ಸವರಿದ.

"ಅಣ್ಣ, ಇದು ನಾನು ಕೆಲಸ ಮಾಡ್ತಿದ್ದ ಕಾರ್ಖಾನೇದು. ಇನ್ನೂರ ಐವತ್ತರ ಸೆಟ್ಟಿಗೂ ಇದೇ ಹಲಗೇನ ಕೊಡ್ತಿದ್ರು. ಸ್ಪೀಕರ್ ಮಾತ್ರ ಒಳ್ಳೇದು, ಹತ್ತಿರದ ಸ್ಟೇಷನ್ ಚೆಂದಾಗಿ ಕೇಳುತ್ತೆ. ಕಡ್ಡಿ ನೋಡಿ, ಕಿರುಬೆರಳಷ್ಟೂ ಇಲ್ಲ."

"ಮತ್ತೆ ಇಷ್ಟು ಭಾರ?"

ದೊರೈಸಾಮಿ ತಳಭಾಗದಲ್ಲಿ ಬೆರಳಿಟ್ಟು ತೋರಿಸಿದ. ಇಟ್ಟಿಗೆಯ ಅರ್ಧದಷ್ಟಿದ್ದ ಎರಕದ ಕಬ್ಬಿಣದ ತುಂಡೊಂದನ್ನು ಎರಡು ಬೋಲ್ಟು ಹಾಕಿ ಕೂರಿಸಿದ್ದರು. ಅದಕ್ಕೆ ಒಂದು ತಂತಿಯೂ ಹೋಗಿರಲಿಲ್ಲ.

"ಇದು ಏನಕ್ಕೆ?"

"ಎತ್ತಿ ನೋಡೋವ್ರಿಗೆ ಅಣ್ಣ."

ಮೂಟೆಯ ನಡುವೆ ಕಲ್ಲಿಟ್ಟು ತೂಕ ಮಾಡಿದ ಒಬ್ಬ ರೈತನನ್ನು ಹಿಂದೊಮ್ಮೆ ನಂಜುಂಡನ್ ಮಂಡಿಯಲ್ಲೇ ನಿಲ್ಲಿಸಿ ಹತ್ತು ಜನರ ಮುಂದೆ ಮಾನ ಕಳೆದಿದ್ದ. ಈಗ ಅವನು ಆ ತುಂಡನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದ. ಮಾರನೆಯ ದಿನ ಅದನ್ನೂ ರೇಡಿಯೊವನ್ನೂ ಚೀಲಕ್ಕೆ ಹಾಕಿಕೊಂಡು ಗಾಜಿನ ಬಾಗಿಲ ಅಂಗಡಿಗೆ ಹೋದ. ಕಬ್ಬಿಣವನ್ನು ಮ್ಯಾನೇಜರನ ಮೇಜಿನ ಮೇಲಿಟ್ಟು, ಇದರಲ್ಲಿ ಯಾವ ಸ್ಟೇಷನ್ ಬರುತ್ತದೆ ಎಂದು ಕೇಳಿದ. ಸೀಲು ಒಡೆದ ಮೇಲೆ ಕಂಪನಿಗೂ ನಿಮಗೂ ಸಂಬಂಧವಿಲ್ಲ ಎಂದು ಮ್ಯಾನೇಜರು ಹೇಳಿದ. ಅಲ್ಲಿದ್ದ ಇಬ್ಬರು ಗಿರಾಕಿಗಳು ಮಾತ್ರ ಆ ತುಂಡನ್ನು ಎತ್ತಿ ನೋಡಿ, ಏನೂ ಕೊಳ್ಳದೆ ಹೊರಗೆ ಹೋದರು. ನಂಜುಂಡನಿಗೆ ಸಿಕ್ಕ ಸಮಾಧಾನ ಅಷ್ಟೇ.

ಮನೆಗೆ ಬಂದು ಹೆಂಡತಿಯ ಎದುರು ಕೂತ. ಯಾವತ್ತೂ ಹಾಗೆ ಅಡುಗೆಮನೆಯ ನೆಲದ ಮೇಲೆ ಕೂತವನಲ್ಲ.

"ದೊಡ್ಡ ಬೆಲೆ ಕೊಟ್ರೆ ನಿಂಗೆ ಕೊಟ್ಟ ಮಾತು ತೀರ್ತದೆ ಅಂತ ಅಂದ್ಕೊಂಡೆ" ಎಂದ. "ತಪ್ಪಾಯ್ತು."

ಸುಶೀಲ ಅವನ ತಟ್ಟೆಗೆ ಅನ್ನ ಬಡಿಸಿದಳು. "ನೀವು ಹೆಂಚಿನ ಮೇಲೆ ನಿಂತಿದ್ರಿ ನೋಡಿ, ನಂಗೆ ಬೀಳ್ತೀರೇನೋ ಅಂತ ಅದೇ ಭಯ ಆಗಿತ್ತು" ಎಂದಳು. ಸ್ವಲ್ಪ ತಡೆದು, "ತೈ ತಿಂಗಳಲ್ಲಿ, ಸಂಕ್ರಾಂತಿ ಕಳೆದ್ಮೇಲೆ, ಒಂದ್ ಸಲ ಕರ್ಕೊಂಡೋಗಿ" ಎಂದಳು. ಅವಳಾಗಿ ಬಾಯಿಬಿಟ್ಟು ಹಾಗೆ ಕೇಳಿ ಎಷ್ಟೋ ವರ್ಷವಾಗಿತ್ತು. ಅವನು ತಲೆಯಾಡಿಸಿದ.

ವಾರದೊಳಗೆ ತಮ್ಮನ ಇನ್ನೊಂದು ಕಾಗದ ಬಂತು. ಅಕ್ಕ ಕೇಳಿದಳಾ, ಕೇಳಿದಳಾ ಎಂದು ಅವ್ವ ಪೀಡಿಸುತ್ತಿದ್ದಾಳೆ, ಕೂಡಲೇ ಬರಿ ಎಂದಿತ್ತು. ಸುಶೀಲ ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿದಳು. ಆಮೇಲೆ ಬರೆದಳು: 'ಇದನ್ನು ಅವ್ವನಿಗೆ ಓದಿ ಹೇಳು. ಅವ್ವ, ಮಡಿಲು ತುಂಬುವ ಹಾಡು ಮುಟ್ಟಿತು. ಮೂರನೇ ಸಲ ಮೇಲೇರುವಾಗ ಕೆಮ್ಮು ಬಂದರೂ ನಿಲ್ಲಿಸದೆ ಹಾಡಿದೆಯಲ್ಲ, ಅದೂ ಗೊತ್ತಾಯಿತು. ಕೆಮ್ಮಿಗೆ ಔಷಧಿ ತೆಗೆದುಕೋ.' ಕೇಳಿದೆ ಎಂಬ ಒಂದು ಪದವನ್ನು ಮಾತ್ರ ಬರೆಯಲು ಅವಳಿಗೆ ಕೈ ಬರಲಿಲ್ಲ.

ಇಂಪೀರಿಯಾ ಹಜಾರದಲ್ಲಿ ಮಕ್ಕಳ ಪಾಲಾಯಿತು. ಸಿನಿಮಾ ಹಾಡಿಗೆ ಅದು ಚೆನ್ನಾಗಿಯೇ ಇತ್ತು. ದೊರೈಸಾಮಿಯ ರೆಕ್ಸಿನ್ ಪೆಟ್ಟಿಗೆ ಅಡುಗೆಮನೆಗೆ ಬಂತು, ರಾಗಿ ತುಂಬಿಡುವ ಮಣ್ಣಿನ ವಾಡೆಯ ಮೇಲೆ ಕೂತಿತು. ನಂಜುಂಡನ್ ಅದಕ್ಕೆ ಹೇಳಿದ ಬೆಲೆಗಿಂತ ಹೆಚ್ಚು ಕೊಡಲು ಹೋದಾಗ ದೊರೈಸಾಮಿ ತೆಗೆದುಕೊಳ್ಳಲಿಲ್ಲ. ದಿನಾ ಬೆಳಿಗ್ಗೆ ಸುಶೀಲ ಒಲೆ ಹಚ್ಚಿದ ಕೂಡಲೇ ಬೆಂಗಳೂರು ಹಾಕುತ್ತಿದ್ದಳು. ಸ್ವಲ್ಪ ಗೊರಗೊರ ಇರುತ್ತಿತ್ತು, ಮಾತು ತಿಳಿಯುತ್ತಿತ್ತು. ವಾರ್ತೆ, ಮಾರುಕಟ್ಟೆ ಧಾರಣೆ, ರೈತರಿಗೆ ಸಲಹೆ, ಏನು ಬಂದರೂ ಅವಳಿಗೆ ಒಂದೇ. ಮಂಡ್ಯ, ಮಳವಳ್ಳಿ, ಕನಕಪುರ ಎಂದು ಊರುಗಳ ಹೆಸರು ಕೇಳುವಾಗ ಅವಳ ಕೈ ಹಿಟ್ಟಿನಲ್ಲೇ ನಿಂತುಬಿಡುವುದು.

ಅತ್ತೆಗೆ ಮೊದಲು ಅದು ಬೇಸರ. "ಯಾರೋ ದೊರೆ ಮನೆಯವ್ರು ಮಾತಾಡೋ ತರ ಐತೆ. ನಮ್ ಮಾತಾ ಇದು?" ಎನ್ನುತ್ತಿದ್ದಳು. ಆದರೂ ಚಳಿಗೆಂದು ಒಲೆ ಪಕ್ಕ ಬಂದು ಕೂರುವಳು.

ಧನುರ್ಮಾಸದ ಚಳಿಯಲ್ಲಿ, ಮಾರ್ಗಳಿಯ ಒಂದು ಬೆಳಿಗ್ಗೆ ರೈತರ ಕಾರ್ಯಕ್ರಮದಲ್ಲಿ ಯಾರೋ ಅವರೆ ಬೆಳೆಯ ವಿಚಾರ ಹೇಳುತ್ತಿದ್ದರು. ಈ ದಿನಗಳಲ್ಲಿ ಇಬ್ಬನಿ ಹೆಚ್ಚಾಗಿ ಬೀಳುವುದರಿಂದ ಕಾಯಿಗೆ ಸೊಗಡು ಬರುತ್ತದೆ ಎಂದರು. ಸಾಮಿಯಾತಾಳ್ ತಲೆಯೆತ್ತಿದಳು.

"ಏನಂದ ಅವನು?"

"ಅವರೆಕಾಯಿ ಅತ್ತೆ..."

"ಅದಲ್ಲ. ಪನಿ ಬೀಳೋದಕ್ಕೆ ಏನೋ ಅಂದ."

"ಇಬ್ಬನಿ" ಎಂದಳು ಸುಶೀಲ.

ಮುದುಕಿ ಕೈಯಲ್ಲಿದ್ದ ಕಾಫಿ ಲೋಟವನ್ನು ನೆಲಕ್ಕಿಟ್ಟಳು. "ನಮ್ಮಜ್ಜಿ ಅಂತಿದ್ಲು ಅದನ್ನ" ಎಂದಳು. "ಕಣ್ಣು ಕಾಣ್ತಿರ್ಲಿಲ್ಲ ಅವ್ಳಿಗೆ. ಇಬ್ನಿ ಬಿದ್ದೈತೆ, ಬರಿಗಾಲಲ್ಲಿ ಓಗ್ಬೇಡ ಅಂತ ಕೂಗ್ತಿದ್ಲು. ಅವ್ಳು ತೀರ್ಕೊಂಡ್ಮೇಲೆ ನಾನು ಯಾರ್ ಬಾಯಲ್ಲೂ ಕೇಳಿಲ್ಲ. ನಾನೂ ಅಂದಿಲ್ಲ, ನೋಡು. ಮರ್ತೇ ಓಗಿತ್ತು."

ರೇಡಿಯೊದವನು ಗೊಬ್ಬರದ ವಿಷಯಕ್ಕೆ ಹೋಗಿದ್ದ. ಮುದುಕಿ ಅದರ ಹತ್ತಿರಕ್ಕೆ ಸರಿದು, ಸೆರಗನ್ನು ಕಿವಿಯ ಹಿಂದಕ್ಕೆ ತಳ್ಳಿ, ಮುಂದಿನ ಮಾತಿಗೆ ಕಾದಳು. ಎಪ್ಪತ್ತು ದಾಟಿದ ಆ ಮುಖದಲ್ಲಿ, ಬಾಗಿಲಾಚೆ ಯಾರದೋ ಹೆಜ್ಜೆ ಸಪ್ಪಳ ಕೇಳಿದ ಮಗುವಿನ ಆಸೆಯಿತ್ತು. ಸುಶೀಲ ಒಲೆಯ ಉರಿಯನ್ನು ತಗ್ಗಿಸಿ, ಪಾತ್ರೆಗಳ ಸದ್ದಾಗದಂತೆ ಅವಳ ಪಕ್ಕದಲ್ಲಿ ಕೂತಳು.